ಕೇಳುವುದನ್ನೇ ಸಾಧನೆಯಾಗಿಸಿಕೊಂಡ ಮಹಾರಾಜ

ಅದು 1950ರ ಮೇ 22. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಶ್ರೋತೃಗಳಿಂದ ತುಂಬಿತ್ತು. ಜರ್ಮನಿಯ ಮಹಾನ್ ಸಂಯೋಜಕ ರಿಚರ್ಡ್ ಸ್ಟ್ರಾಸ್ ತೀರಿಕೊಂಡು ಆಗ ಎಂಟು ತಿಂಗಳು ಕಳೆದಿತ್ತು. ತಮ್ಮ ಬದುಕಿನ ಕೊನೆಯ ಹಂತದಲ್ಲಿ ಅವರು ಬರೆದಿಟ್ಟು ಹೋಗಿದ್ದ ನಾಲ್ಕು ಗೀತೆಗಳು ಅಂದು ಮೊದಲ ಬಾರಿಗೆ ಸಾರ್ವಜನಿಕರ ಕಿವಿಗೆ ಬೀಳಲಿದ್ದವು. ಹಾಡಿದವರು ನಾರ್ವೆಯ ಪ್ರಸಿದ್ಧ ಗಾಯಕಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ಫಿಲ್ಹಾರ್ಮೋನಿಯಾ ವಾದ್ಯವೃಂದವನ್ನು ನಿರ್ದೇಶಿಸಿದವರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಪಾಶ್ಚಾತ್ಯ ಸಂಗೀತದ ಚರಿತ್ರೆಯಲ್ಲಿ ಆ ಸಂಜೆಗೆ ಇಂದಿಗೂ ವಿಶೇಷ ಸ್ಥಾನವಿದೆ.

ಆ ಕಛೇರಿಗೆ 4,800 ಡಾಲರ್‌ಗಳ ಖಾತರಿ ನೀಡಿ ಅದನ್ನು ಸಾಧ್ಯವಾಗಿಸಿದ ವ್ಯಕ್ತಿ ಮಾತ್ರ ಸಭಾಂಗಣದಲ್ಲಿ ಇರಲಿಲ್ಲ. ಅವರು ಸಾವಿರಾರು ಮೈಲಿ ದೂರದ ಮೈಸೂರಿನವರು. ಹೆಸರು ಜಯಚಾಮರಾಜೇಂದ್ರ ಒಡೆಯರ್. ಅಂದಿನ ವಿನಿಮಯ ದರದಲ್ಲಿ ಸುಮಾರು 23 ಸಾವಿರ ರೂಪಾಯಿಗಳಾಗುವ ಆ ಖಾತರಿಗೆ ಪ್ರತಿಯಾಗಿ ಅವರಿಗೆ ಬೇಕಾಗಿದ್ದುದು ಒಂದೇ. ಆ ಗೀತೆಗಳನ್ನು ಧ್ವನಿಮುದ್ರಿಸಿ ತಮಗೆ ತಲುಪಿಸಬೇಕು. ಅದರಂತೆಯೇ ಧ್ವನಿಮುದ್ರಣ ನಡೆದು, ತಟ್ಟೆಗಳು ಮೈಸೂರಿಗೆ ರವಾನೆಯಾದವು.

ಜಯಚಾಮರಾಜ ಒಡೆಯರನ್ನು ಕನ್ನಡಿಗರು ಮೈಸೂರಿನ ಕೊನೆಯ ಮಹಾರಾಜರೆಂದು, ರಾಜ್ಯಪಾಲರೆಂದು, ವಾಗ್ಗೇಯಕಾರರೆಂದು ಬಲ್ಲರು. ಈ ಎಲ್ಲ ಪಾತ್ರಗಳ ಹಿಂದೆ ಜೀವನದುದ್ದಕ್ಕೂ ಅವರನ್ನು ಬಿಡದ ಇನ್ನೊಂದು ಪಾತ್ರವಿತ್ತು. ಅದು ಶ್ರೋತೃವಿನ ಪಾತ್ರ. ನುಡಿಸಬೇಕೆಂದು ಹೊರಟವರನ್ನು ವಿಧಿ ಕೇಳುವವರನ್ನಾಗಿ ಮಾಡಿತು. ಆ ಕೇಳ್ಮೆಯನ್ನು ಅವರು ಕೇವಲ ವಿನೋದವಾಗಿ ಉಳಿಸಿಕೊಳ್ಳಲಿಲ್ಲ. ಇಲ್ಲದಿದ್ದರೆ ಮೌನದಲ್ಲಿ ಕರಗಿಹೋಗಬಹುದಾಗಿದ್ದ ಸಂಗೀತ ಉಳಿದುಬಂದದ್ದು ಅದರಿಂದಲೇ.

ನಾದ ತುಂಬಿದ ಅರಮನೆ

ಜಯಚಾಮರಾಜ ಒಡೆಯರ್ ಜನಿಸಿದ್ದು 1919ರ ಜುಲೈ 18ರಂದು, ಮೈಸೂರಿನಲ್ಲಿ. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ತಾಯಿ ಕೆಂಪು ಚೆಲುವಾಜಮ್ಮಣ್ಣಿ. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಆಗ ಸಿಂಹಾಸನದಲ್ಲಿದ್ದರು.

ಬಾಲಕನ ಕಿವಿಗೆ ಬಿದ್ದ ಮೊದಲ ಸಂಗೀತ ಎರಡು ಬಗೆಯದು. ಒಂದೆಡೆ ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ಮೈಸೂರು ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರಂಥ ವಿದ್ವಾಂಸರಿಂದ ಬೆಳಗಿದ ಕರ್ನಾಟಕ ಸಂಗೀತದ ಆಸ್ಥಾನ. ಇನ್ನೊಂದೆಡೆ ಪಾಶ್ಚಾತ್ಯ ಪದ್ಧತಿಯ ಅರಮನೆ ಬ್ಯಾಂಡು. ಸ್ವತಃ ನಾಲ್ವಡಿಯವರು ವೀಣೆ, ಪಿಟೀಲು, ಪಿಯಾನೊ ಮುಂತಾದ ಹಲವು ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. ದಸರೆಯ ದರ್ಬಾರಿನಲ್ಲಿ ಎರಡೂ ಸಂಪ್ರದಾಯಗಳು ಒಂದೇ ಸೂರಿನಡಿ ಮೊಳಗುತ್ತಿದ್ದವು. ಒಂದು ನಮ್ಮದು, ಇನ್ನೊಂದು ಪರಕೀಯರದು ಎಂಬ ಭಾವನೆ ಮೂಡಲು ಅಲ್ಲಿ ಅವಕಾಶವೇ ಇರಲಿಲ್ಲ.

ಯುವರಾಜರ ಮಕ್ಕಳು ಪಿಯಾನೊ ಕಲಿತರು. ಜಯಚಾಮರಾಜರಂತೆಯೇ ಸೋದರಿ ವಿಜಯಾದೇವಿಯವರೂ ಆ ವಾದ್ಯಕ್ಕೆ ಮನಸೋತರು. ಮುಂದೆ ಅವರು ಅಮೆರಿಕದಲ್ಲಿ ಉನ್ನತ ಅಭ್ಯಾಸ ನಡೆಸಿ, ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಕಟ್ಟಿದರು. ಜಯಚಾಮರಾಜರು ಮಹಾರಾಜ ಕಾಲೇಜಿನಲ್ಲಿ ಓದಿ 1938ರಲ್ಲಿ ಪದವೀಧರರಾದರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಅರ್ಹತೆಯೂ ಅವರಿಗೆ ದೊರೆಯಿತು. 1939ರಲ್ಲಿ ಯುರೋಪ್ ಪ್ರವಾಸ ಕೈಗೊಂಡಾಗ ಅಲ್ಲಿನ ಕಲಾವಿದರು ಹಾಗೂ ವಿದ್ವಾಂಸರ ಪರಿಚಯವಾಯಿತು. ವೇದಿಕೆಯ ಮೇಲೆ ಕಛೇರಿ ನೀಡುವ ಪಿಯಾನೊ ವಾದಕನಾಗಬೇಕೆಂಬುದು ಆ ಯುವಕನ ಹಂಬಲವಾಗಿತ್ತು.

ಮುಚ್ಚಿದ ಬಾಗಿಲು

ಆ ಹಂಬಲಕ್ಕೆ ತೆರೆ ಬಿದ್ದದ್ದು 1940ರಲ್ಲಿ. ಮಾರ್ಚ್ ತಿಂಗಳಲ್ಲಿ ತಂದೆ ತೀರಿಕೊಂಡರು. ಆಗಸ್ಟ್ 3ರಂದು ದೊಡ್ಡಪ್ಪ ನಾಲ್ವಡಿಯವರೂ ಕಣ್ಮುಚ್ಚಿದರು. ಐದು ತಿಂಗಳ ಅಂತರದಲ್ಲಿ ಮನೆಯ ಇಬ್ಬರು ಹಿರಿಯರನ್ನು ಕಳೆದುಕೊಂಡ 21ರ ತರುಣ, ಸೆಪ್ಟೆಂಬರ್ 8ರಂದು ಮೈಸೂರಿನ ಸಿಂಹಾಸನವನ್ನೇರಬೇಕಾಯಿತು. ಎರಡನೇ ಮಹಾಯುದ್ಧ ಆರಂಭವಾಗಿ ಆಗಲೇ ಒಂದು ವರ್ಷ ಕಳೆದಿತ್ತು. ಯುರೋಪಿನ ಸಂಗೀತ ಶಾಲೆಗಳತ್ತ ಮತ್ತೆ ಹೋಗುವ ಹಾದಿ ಎರಡು ಕಡೆಯಿಂದಲೂ ಮುಚ್ಚಿತ್ತು.

ಪಿಯಾನೊ ವಾದಕನಿಗೆ ದಿನಕ್ಕೆ ಆರೇಳು ಗಂಟೆಗಳ ಸಾಧಕ ಬೇಕು. ದರ್ಬಾರು, ಆಡಳಿತ, ಧಾರ್ಮಿಕ ವಿಧಿಗಳ ನಡುವೆ ದೊರೆಗೆ ಆ ಬಿಡುವು ಎಲ್ಲಿಂದ ಬರಬೇಕು? ಆದರೆ ಕೇಳಲು ಅಡ್ಡಿಯಿರಲಿಲ್ಲ. ಬೆರಳುಗಳಿಗೆ ತಪ್ಪಿಹೋದ ಸಂಗೀತವನ್ನು ಅವರು ಕಿವಿಗಳ ಮೂಲಕ ಉಳಿಸಿಕೊಂಡರು. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು 1945ರಲ್ಲಿ ಅವರಿಗೆ ಗೌರವ ಫೆಲೋ ಪದವಿ ನೀಡಿತು. ಆ ವೇಳೆಗೆ ಮೈಸೂರು ಅರಮನೆಯ ಗ್ರಾಮಫೋನ್ ತಟ್ಟೆಗಳ ಭಂಡಾರ ಅಸಾಮಾನ್ಯ ಪ್ರಮಾಣದಲ್ಲಿ ಬೆಳೆಯತೊಡಗಿತ್ತು.

ಇಪ್ಪತ್ತು ಸಾವಿರ ತಟ್ಟೆಗಳು

1950ರ ಹೊತ್ತಿಗೆ ಆ ಸಂಗ್ರಹದಲ್ಲಿ ಸುಮಾರು 20 ಸಾವಿರ ಧ್ವನಿಮುದ್ರಿಕೆಗಳಿದ್ದವೆಂದು ಅಂದಾಜು. ಆ ಕಾಲದ ತಟ್ಟೆಗಳ ಸ್ವರೂಪ ತಿಳಿದರೆ ಈ ಸಂಖ್ಯೆಯ ಅರ್ಥ ಸ್ಪಷ್ಟವಾಗುತ್ತದೆ. ಅರಗು ಬೆರೆಸಿ ಮಾಡಿದ, ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಯ ಒಂದು ಮುಖದಲ್ಲಿ ಹಿಡಿಸುತ್ತಿದ್ದುದು ಹೆಚ್ಚೆಂದರೆ ನಾಲ್ಕೂವರೆ ನಿಮಿಷಗಳ ಸಂಗೀತ. ಅರ್ಧ ಗಂಟೆ ಮೀರುವ ಒಂದು ಪಿಯಾನೊ ಕಂಚೆರ್ಟೊ ಕೇಳಬೇಕಾದರೆ ಎಂಟು ಒಂಬತ್ತು ಮುಖಗಳನ್ನು ಒಂದಾದಮೇಲೊಂದರಂತೆ ಹಾಕಬೇಕು. ಸಂಗೀತ ಭಾವದ ಶಿಖರ ಮುಟ್ಟುವ ಹೊತ್ತಿಗೆ ಸರಿಯಾಗಿ ಮುಳ್ಳು ಕೊನೆಯ ಗೆರೆಗೆ ಬಂದು ನಿಲ್ಲುತ್ತಿತ್ತು. ತಟ್ಟೆ ತಿರುವಿ ಹಾಕುವವರೆಗೂ ಕೇಳುಗ ಆ ಭಾವವನ್ನು ಮನಸ್ಸಿನಲ್ಲಿಯೇ ಹಿಡಿದಿಟ್ಟುಕೊಳ್ಳಬೇಕಾಗಿತ್ತು.

ಒಂದು ತಟ್ಟೆಗೆ ಎರಡೂ ಮುಖ ಸೇರಿ ಎಂಟು ನಿಮಿಷವೆಂದು ಲೆಕ್ಕ ಹಿಡಿದರೂ 20 ಸಾವಿರ ತಟ್ಟೆಗಳನ್ನು ಒಮ್ಮೆ ಕೇಳಿ ಮುಗಿಸಲು ಸುಮಾರು 2,650 ಗಂಟೆಗಳು ಬೇಕು. ದಿನಕ್ಕೆ ನಾಲ್ಕು ಗಂಟೆ ಕುಳಿತರೂ ಎರಡು ವರ್ಷಗಳಿಗೆ ಸಮೀಪದ ಕೆಲಸ. ಗುಂಡಿಯೊತ್ತಿ ಹಾಡು ಬದಲಿಸುವ ಇಂದಿನ ಕೇಳುಗರಿಗೆ ಆ ತಾಳ್ಮೆಯನ್ನು ಊಹಿಸಿಕೊಳ್ಳುವುದೂ ಕಷ್ಟ.

ಲಂಡನ್ನಿನಿಂದ ಮೈಸೂರಿಗೆ ಅತಿಥಿಯಾಗಿ ಬಂದ ವಾಲ್ಟರ್ ಲೆಗ್ ಈ ಭಂಡಾರವನ್ನು ಕಂಡು ಬೆರಗಾದರು. ಲೆಗ್ ಸಾಮಾನ್ಯ ವ್ಯಕ್ತಿಯಲ್ಲ. ಇಎಂಐ ಧ್ವನಿಮುದ್ರಣ ಸಂಸ್ಥೆಯ ನಿರ್ಮಾಪಕರು, 1945ರಲ್ಲಿ ಫಿಲ್ಹಾರ್ಮೋನಿಯಾ ವಾದ್ಯವೃಂದವನ್ನು ಹುಟ್ಟುಹಾಕಿದವರು. ಇನ್ನೂ 30 ತುಂಬದ ದೊರೆಯ ಬಳಿ ಗಂಭೀರ ಸಂಗೀತದ ಬಹುತೇಕ ಎಲ್ಲ ಧ್ವನಿಮುದ್ರಿಕೆಗಳು, ಬಗೆಬಗೆಯ ಧ್ವನಿವರ್ಧಕಗಳು, ಹಲವು ದೊಡ್ಡ ಪಿಯಾನೊಗಳು ಇದ್ದುದನ್ನು ಅವರು ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ಕೆಲವು ವಾರಗಳ ಆ ವಾಸ್ತವ್ಯ ಎರಡು ಮಹತ್ವದ ನಿರ್ಧಾರಗಳಿಗೆ ದಾರಿಯಾಯಿತು.

ಮರೆತವನ ಕೈಹಿಡಿದದ್ದು

ಮೊದಲನೆಯದು ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಯೋಜಕನಿಗೆ ಸಂಬಂಧಿಸಿದ್ದು. ಮೆಟ್ನರ್ 1921ರಲ್ಲಿ ತಾಯ್ನಾಡು ತೊರೆದು, ಜರ್ಮನಿ, ಫ್ರಾನ್ಸ್ ದಾಟಿ, 1930ರ ದಶಕದ ಮಧ್ಯದಲ್ಲಿ ಲಂಡನ್ನಿನಲ್ಲಿ ನೆಲೆಸಿದ್ದರು. ರಷ್ಯದವರೇ ಆದ ರಾಕ್ಮನಿನೋವ್ ಅವರ ಆತ್ಮೀಯ ಗೆಳೆಯ. ಇಬ್ಬರೂ ತಮ್ಮ ಒಂದೊಂದು ಪಿಯಾನೊ ಕಂಚೆರ್ಟೊವನ್ನು ಪರಸ್ಪರ ಅರ್ಪಿಸಿಕೊಂಡಿದ್ದರು. ಆದರೆ ರಾಕ್ಮನಿನೋವ್‌ಗೆ ದೊರೆತ ಜನಪ್ರಿಯತೆ ಮೆಟ್ನರ್‌ಗೆ ದಕ್ಕಲಿಲ್ಲ. ಸ್ಟ್ರಾವಿನ್‌ಸ್ಕಿ, ಶೋನ್‌ಬರ್ಗ್‌ರ ಹೊಸ ಅಲೆಯ ಕಾಲದಲ್ಲಿ ಹಳೆಯ ಸಂಗೀತಧರ್ಮಕ್ಕೆ ನಿಷ್ಠರಾಗಿದ್ದ ಅವರನ್ನು ಲೋಕ ಪಕ್ಕಕ್ಕೆ ಸರಿಸಿತ್ತು. ಯುದ್ಧದ ಕಾರಣ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಆದಾಯವೂ ನಿಂತಿತು. 1942ರಲ್ಲಿ ಹೃದಯಾಘಾತವಾಯಿತು. ಶಿಷ್ಯೆಯೊಬ್ಬರ ಆಶ್ರಯದಲ್ಲಿದ್ದುಕೊಂಡೇ ಅವರು ತಮ್ಮ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಬರೆದು ಮುಗಿಸಿದರು.

ಇಂಥ ಸ್ಥಿತಿಯಲ್ಲಿದ್ದ ಕಲಾವಿದನಿಗೆ ಮೈಸೂರಿನಿಂದ ನೆರವಿನ ಹಸ್ತ ಚಾಚಿತು. ಮೆಟ್ನರ್ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸುವ ವೆಚ್ಚವನ್ನು ಜಯಚಾಮರಾಜರು ವಹಿಸಿಕೊಂಡರು. ಅದಕ್ಕಾಗಿ 1940ರ ದಶಕದ ಕೊನೆಯ ವರ್ಷಗಳಲ್ಲಿ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ರೂಪುಗೊಂಡಿತು. 1947ರಿಂದ ಧ್ವನಿಮುದ್ರಣ ಕಾರ್ಯ ನಡೆಯಿತು. ಮೂರೂ ಪಿಯಾನೊ ಕಂಚೆರ್ಟೊಗಳು, ಸೊನಾಟಾಗಳು, ಗೀತೆಗಳು, ಹಲವು ಚಿಕ್ಕ ರಚನೆಗಳು ಅನಾರೋಗ್ಯಪೀಡಿತ ವೃದ್ಧ ಸಂಯೋಜಕನ ಬೆರಳುಗಳಿಂದಲೇ ಹೊಮ್ಮಿ ತಟ್ಟೆಗಳಲ್ಲಿ ಸೇರಿದವು. ಕೆಲವು ಗೀತೆಗಳಿಗೆ ದನಿಯಾದವರು ಆಗಿನ್ನೂ ಖ್ಯಾತಿಯ ಮೆಟ್ಟಿಲೇರುತ್ತಿದ್ದ ಎಲಿಜಬೆತ್ ಶ್ವಾರ್ಜ್‌ಕೊಫ್.

ಮೆಟ್ನರ್ 1951ರ ನವೆಂಬರ್ 13ರಂದು ಲಂಡನ್ನಿನಲ್ಲಿ ನಿಧನರಾದರು. ಧ್ವನಿಮುದ್ರಣ ನಾಲ್ಕೈದು ವರ್ಷ ತಡವಾಗಿದ್ದರೆ ಅವರ ವಾದನದ ಈ ದಾಖಲೆ ಇರುತ್ತಿರಲಿಲ್ಲ. ಕೃತಜ್ಞತೆಯ ಕುರುಹಾಗಿ ಅವರು ತಮ್ಮ ಮೂರನೆಯ ಕಂಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ. ಇಂದು ಜಗತ್ತಿನ ಯಾವುದೇ ಮೂಲೆಯಲ್ಲಿ ಪಿಯಾನೊ ವಾದಕರು ಆ ಕೃತಿಯ ಸ್ವರಪ್ರತಿಯನ್ನು ತೆರೆದರೂ ಮೈಸೂರಿನ ಹೆಸರು ಎದುರಾಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪೋಷಣೆಯಿಂದ ಕೀರ್ತಿ ಗಳಿಸುವುದೇ ಉದ್ದೇಶವಾಗಿದ್ದರೆ ಜಯಚಾಮರಾಜರು ಆಗಲೇ ಪ್ರಸಿದ್ಧರಾಗಿದ್ದ ಯಾರನ್ನಾದರೂ ಆರಿಸಿಕೊಳ್ಳಬಹುದಿತ್ತು. ಅವರು ಆರಿಸಿದ್ದು ಹೆಚ್ಚಿನವರು ಕೇಳದಿದ್ದ ಸಂಯೋಜಕನನ್ನು. ಸ್ವತಃ ಪಿಯಾನೊ ಬಲ್ಲವರಾದ್ದರಿಂದ ಆ ಕೃತಿಗಳ ಬೆಲೆ ಅವರಿಗೆ ತಿಳಿದಿತ್ತು.

ವಾದ್ಯವೃಂದಕ್ಕೆ ಆಸರೆ

ಎರಡನೆಯ ನಿರ್ಧಾರ ಫಿಲ್ಹಾರ್ಮೋನಿಯಾಕ್ಕೆ ಸಂಬಂಧಿಸಿದ್ದು. ಯುದ್ಧದಿಂದ ಬಸವಳಿದಿದ್ದ ಬ್ರಿಟನ್ನಿನಲ್ಲಿ ಹೊಸ ವಾದ್ಯವೃಂದವೊಂದನ್ನು ನಡೆಸುವುದು ಸುಲಭವಿರಲಿಲ್ಲ. ಜಯಚಾಮರಾಜರು ವರ್ಷಕ್ಕೆ 10 ಸಾವಿರ ಪೌಂಡ್‌ಗಳಂತೆ ಮೂರು ವರ್ಷ ಸಹಾಯಧನ ನೀಡಲು ಒಪ್ಪಿದರು. ಒಂದು ರೂಪಾಯಿಗೆ ಒಂದೂವರೆ ಷಿಲಿಂಗ್ ಬೆಲೆಯಿದ್ದ ಆ ದಿನಗಳಲ್ಲಿ ವರ್ಷಕ್ಕೆ 1.33 ಲಕ್ಷ, ಒಟ್ಟಾರೆ ಸುಮಾರು 4 ಲಕ್ಷ ರೂಪಾಯಿಗಳ ಮೊತ್ತವದು. 1948ರಲ್ಲಿ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿ ಅವರು ಆಯ್ಕೆಯಾದರು.

ಅವರ ಅಭಿರುಚಿಯ ಗುರುತು ಆ ವಾದ್ಯವೃಂದದ ಧ್ವನಿಮುದ್ರಿಕೆಗಳಲ್ಲೂ ಉಳಿದಿದೆ. ರಷ್ಯದ ಬಾಲಕಿರೆವ್‌ನ ಮೊದಲ ಸಿಂಫನಿ, ಫ್ರಾನ್ಸಿನ ರೂಸೆಲ್‌ನ ನಾಲ್ಕನೆಯ ಸಿಂಫನಿ ಇವುಗಳನ್ನು 1949ರಲ್ಲಿ ಹರ್ಬರ್ಟ್ ಫಾನ್ ಕರಾಯನ್ ನಿರ್ದೇಶನದಲ್ಲಿ ಧ್ವನಿಮುದ್ರಿಸಲಾಯಿತು. ಅಷ್ಟಾಗಿ ಮಾರಾಟವಾಗದ ಇಂಥ ಕೃತಿಗಳಿಗೆ ಯಾವ ವಾಣಿಜ್ಯ ಸಂಸ್ಥೆಯೂ ತಾನಾಗಿ ಹಣ ಹೂಡುವ ಸಾಧ್ಯತೆ ಕಡಿಮೆಯಿತ್ತು. ಮೈಸೂರಿನ ನೆರವು ಅದನ್ನು ಸಾಧ್ಯವಾಗಿಸಿತು. ಕರಾಯನ್ ಮುಂದೆ ಜಗತ್ತಿನ ಅತಿ ಪ್ರಸಿದ್ಧ ನಿರ್ದೇಶಕರಲ್ಲಿ ಒಬ್ಬರಾದರು. ಫಿಲ್ಹಾರ್ಮೋನಿಯಾ ಏಳುಬೀಳುಗಳನ್ನು ದಾಟಿ ಇಂದಿಗೂ ಲಂಡನ್ನಿನ ಪ್ರಮುಖ ವಾದ್ಯವೃಂದಗಳಲ್ಲಿ ಒಂದಾಗಿದೆ.

ಕಾಡುವ ಪ್ರಶ್ನೆ

ಈ ಕಥೆಗೆ ಇನ್ನೊಂದು ಮುಖವೂ ಇದೆ. ಜಯಚಾಮರಾಜರು ಲಂಡನ್ನಿನ ಸಂಗೀತಕ್ಕೆ ಧಾರಾಳವಾಗಿ ಕೈಬಿಚ್ಚಿದ ವರ್ಷಗಳು ಮೈಸೂರಿನ ಪಾಲಿಗೆ ನಿರಾತಂಕದ ವರ್ಷಗಳಾಗಿರಲಿಲ್ಲ. ಯುದ್ಧಾನಂತರದ ಅಭಾವ, ಆಹಾರಧಾನ್ಯಗಳ ಪಡಿತರ ಜನಜೀವನವನ್ನು ಬಾಧಿಸುತ್ತಿದ್ದವು. 1947ರ ಆಗಸ್ಟ್‌ನಲ್ಲಿ ಮೈಸೂರು ಭಾರತಕ್ಕೆ ಸೇರ್ಪಡೆಯಾದರೂ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ಬೀದಿಗಿಳಿಯಬೇಕಾಯಿತು. ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿ ನೇತೃತ್ವದ ಸರ್ಕಾರ ಅಧಿಕಾರ ವಹಿಸಿಕೊಂಡ ಬಳಿಕವೇ ಆ ಅಧ್ಯಾಯ ಮುಗಿದದ್ದು. ಪ್ರಜೆಗಳು ಅಧಿಕಾರದ ಪಾಲು ಕೇಳುತ್ತಿದ್ದಾಗ ದೊರೆ ದೂರದೇಶದ ವಾದ್ಯವೃಂದವನ್ನು ಸಾಕುವುದು ಯುಕ್ತವೇ ಎಂಬ ಪ್ರಶ್ನೆ ಸಹಜವಾದುದು. ಅದನ್ನು ಮರೆಮಾಚಿದರೆ ಚರಿತ್ರೆಗೆ ನ್ಯಾಯ ಸಲ್ಲಿಸಿದಂತಾಗುವುದಿಲ್ಲ.

ಅದೇ ಕಾಲದ ಇನ್ನೊಂದು ಬೆಳವಣಿಗೆಯನ್ನೂ ಇದರ ಜೊತೆಗಿಟ್ಟು ನೋಡಬೇಕು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿ ಆರಂಭಿಸಿದ ಆಕಾಶವಾಣಿ ಎಂಬ ಬಾನುಲಿ ಕೇಂದ್ರವನ್ನು 1942ರಲ್ಲಿ ಮೈಸೂರು ಸರ್ಕಾರವೇ ವಹಿಸಿಕೊಂಡಿತು. ಆಗ ಪಟ್ಟದಲ್ಲಿದ್ದವರು ಜಯಚಾಮರಾಜರೇ. ತಟ್ಟೆಗಳನ್ನು ಕೊಳ್ಳಲಾಗದವರ ಕಿವಿಗೂ ಶಾಸ್ತ್ರೀಯ ಸಂಗೀತ ತಲುಪಲು ಬಾನುಲಿ ನೆರವಾಯಿತು. ಅರಮನೆಯ ವಿದ್ವಾಂಸರ ದನಿ ಕೋಟೆಯ ಆಚೆಗೂ ಕೇಳಿಬಂತು. ಅದೇ ವರ್ಷಗಳಲ್ಲಿ ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯ ಮೂಲಕ ಋಗ್ವೇದಾದಿ ಗ್ರಂಥಗಳು ಕನ್ನಡಕ್ಕೆ ಬಂದದ್ದೂ ಅವರ ಆಶ್ರಯದಲ್ಲಿಯೇ. ಲಂಡನ್ನಿನತ್ತ ಹರಿದ ಹಣದ ಪ್ರಶ್ನೆಗೆ ಇದು ಪೂರ್ಣ ಉತ್ತರವಲ್ಲ. ತಮ್ಮ ನಾಡಿಗೆ ಅವರು ಕಿವುಡಾಗಿರಲಿಲ್ಲ ಎಂಬುದಕ್ಕೆ ಮಾತ್ರ ಇದು ಸಾಕ್ಷಿ.

ಮರಳಿ ವೀಣೆಯೆಡೆಗೆ

ಪಿಯಾನೊ ನಾದದಲ್ಲಿ ಮುಳುಗಿದ್ದ ದೊರೆ ಕರ್ನಾಟಕ ಸಂಗೀತದತ್ತ ಗಾಢವಾಗಿ ತಿರುಗಿದ್ದು ಪಟ್ಟವೇರಿದ ನಂತರ. ವೀಣಾಭ್ಯಾಸಕ್ಕೆ ವೀಣೆ ವೆಂಕಟಗಿರಿಯಪ್ಪನವರು ಗುರುಗಳಾದರು. ಶಾಸ್ತ್ರ ಹಾಗೂ ಸಾಹಿತ್ಯದ ಮರ್ಮಗಳನ್ನು ತಿಳಿಸಿಕೊಟ್ಟವರು ಮೈಸೂರು ವಾಸುದೇವಾಚಾರ್ಯರು. 80ರ ಹರೆಯದ ಆಚಾರ್ಯರ ಮುಂದೆ 20ರ ಹರೆಯದ ಮಹಾರಾಜರು ಶಿಷ್ಯರಾಗಿ ಕುಳಿತರು. ಶ್ರೀವಿದ್ಯೆಯ ಉಪಾಸನೆಗೆ ದೀಕ್ಷೆ ಪಡೆದ ಮೇಲೆ, 1945ರಿಂದ 1947ರವರೆಗಿನ ಅವಧಿಯಲ್ಲಿ ಅವರ ಕೃತಿರಚನೆ ಬಹುಪಾಲು ನಡೆಯಿತು.

ಹೀಗೆ ಹೊಮ್ಮಿದ ಕೃತಿಗಳು 94. ಭಾಷೆ ಸಂಸ್ಕೃತ, ಅಂಕಿತ ಶ್ರೀವಿದ್ಯಾ. ಮುತ್ತುಸ್ವಾಮಿ ದೀಕ್ಷಿತರ ಮಾರ್ಗದ ಗಾಂಭೀರ್ಯ ಅವುಗಳಲ್ಲಿ ಎದ್ದುಕಾಣುತ್ತದೆ. ಬಳಕೆಯಲ್ಲಿ ಅಪರೂಪವಾದ ರಾಗಗಳನ್ನು ಆರಿಸಿಕೊಂಡಿರುವುದು ಇನ್ನೊಂದು ವೈಶಿಷ್ಟ್ಯ. ಅಠಾಣ ರಾಗದ ಶ್ರೀಮಹಾಗಣಪತಿಂ ಭಜೇಹಂ, ಗಂಭೀರನಾಟದ ಶ್ರೀ ಜಾಲಂಧರಂ ಮೊದಲಾದವು ಇಂದು ಕಛೇರಿಗಳಲ್ಲಿ ಎಲ್ಲರ ಮೆಚ್ಚುಗೆ ಪಡೆದಿವೆ. ಅವುಗಳನ್ನು ಕೇಳಿ ತಲೆದೂಗುವವರಲ್ಲಿ ಅನೇಕರಿಗೆ ಅದು ಒಬ್ಬ ಮಹಾರಾಜರ ರಚನೆಯೆಂಬುದು ತಿಳಿದಿರುವುದಿಲ್ಲ.

ಮೆಟ್ನರ್ ಧ್ವನಿಮುದ್ರಣ ಆರಂಭವಾದ 1947ನೇ ಇಸವಿಯೂ ಈ ಕೃತಿಗಳ ಕಾಲವೂ ಒಂದನ್ನೊಂದು ಸಂಧಿಸುತ್ತವೆ. ಒಂದೇ ಕಿವಿ ಎರಡು ಲೋಕಗಳಿಗೆ ತೆರೆದಿತ್ತು. ಆದರೆ ಎರಡನ್ನೂ ಬೆರೆಸಿ ಹೊಸ ಮಿಶ್ರಣವನ್ನು ತಯಾರಿಸುವ ಆತುರಕ್ಕೆ ಅವರು ಬೀಳಲಿಲ್ಲ. ಅವರ ಕೃತಿಗಳಲ್ಲಿ ಪಾಶ್ಚಾತ್ಯ ಸಂಗೀತದ ಪ್ರದರ್ಶನವಿಲ್ಲ. ಸಿಂಫನಿಯನ್ನು ಸಿಂಫನಿಯಾಗಿಯೇ, ರಾಗವನ್ನು ರಾಗವಾಗಿಯೇ ಅವರು ಕೇಳಿದರು.

ಭಾರತೀಯ ಸೌಂದರ್ಯಶಾಸ್ತ್ರದ ಕುರಿತು ಅವರು ಇಂಗ್ಲಿಷ್‌ನಲ್ಲಿ ಗ್ರಂಥವನ್ನೂ ಬರೆದಿದ್ದಾರೆ. ನಮ್ಮ ಅಲಂಕಾರಶಾಸ್ತ್ರ ರಸಾನುಭವದ ಅರ್ಧ ಭಾರವನ್ನು ಹೊರಿಸುವುದು ಸಹೃದಯನ ಮೇಲೆ. ಕಲಾವಿದ ಎಷ್ಟೇ ಸಮರ್ಥನಾಗಿದ್ದರೂ ಎದುರಿಗೆ ಸಹೃದಯನಿಲ್ಲದಿದ್ದರೆ ರಸ ನಿಷ್ಪನ್ನವಾಗದು. ಕೇಳುವುದು ಎಂದರೆ ಸುಮ್ಮನೆ ಕೂರುವುದಲ್ಲ, ಸಂಗೀತಕ್ಕೆ ತನ್ನ ಪಾಲನ್ನು ಸಲ್ಲಿಸುವುದು. ಜಯಚಾಮರಾಜರ ಬದುಕಿನಲ್ಲಿ ಈ ತತ್ವ ಪುಸ್ತಕದಲ್ಲಿ ಉಳಿಯದೆ ಆಚರಣೆಗೆ ಬಂತು.

ಸಂಜೆಗೆಂಪಿನ ಹಾಡು

1950ರ ಜನವರಿ 26ರಂದು ಭಾರತ ಗಣರಾಜ್ಯವಾಯಿತು. ಜಯಚಾಮರಾಜ ಒಡೆಯರ್ ಮೈಸೂರು ರಾಜ್ಯದ ರಾಜಪ್ರಮುಖರಾದರು. ಶತಮಾನಗಳ ಅರಸೊತ್ತಿಗೆ ಮುಕ್ತಾಯಗೊಂಡ ಆ ವರ್ಷದಲ್ಲೇ ಸ್ಟ್ರಾಸ್‌ನ ಕೊನೆಯ ಗೀತೆಗಳ ತಟ್ಟೆಗಳು ಲಂಡನ್ನಿನಿಂದ ಹೊರಟದ್ದು.

ಹರ್ಮನ್ ಹೆಸ್ಸೆಯ ಮೂರು, ಐಕೆನ್‌ಡಾರ್ಫ್‌ನ ಒಂದು ಕವಿತೆಯನ್ನು ಆಧರಿಸಿದ ಆ ನಾಲ್ಕು ಗೀತೆಗಳ ವಸ್ತು ವಸಂತ, ಮುಗಿಯುವ ಬೇಸಗೆ, ನಿದ್ರೆಗೆ ಜಾರುವ ಹೊತ್ತು ಮತ್ತು ಸಂಜೆಗೆಂಪು. ಜೊತೆಯಾಗಿ ಬಾಳಿದ ವೃದ್ಧ ಜೋಡಿಯೊಂದು ಮುಳುಗುವ ಸೂರ್ಯನ ಮುಂದೆ ನಿಂತು ಮರಣವನ್ನು ನೆನೆಯುವಲ್ಲಿ ಕೊನೆಯ ಗೀತೆ ಮುಗಿಯುತ್ತದೆ. ಅಲ್ಲಿ ಭಯವಿಲ್ಲ, ಗೋಳಾಟವಿಲ್ಲ. ಸೋಲು ಕಂಡ ಜರ್ಮನಿಯಲ್ಲಿ ತಾನು ದುಡಿದ ಸಂಗೀತಮಂದಿರಗಳೇ ಬಾಂಬುಗಳಿಗೆ ಸಿಕ್ಕಿ ಬೂದಿಯಾದುದನ್ನು ಕಂಡಿದ್ದ ಮುದುಕನೊಬ್ಬನ ಶಾಂತ ವಿದಾಯವದು. ಸ್ಟ್ರಾಸ್ ಅದನ್ನು ಕಛೇರಿಯಲ್ಲಿ ಕೇಳಲೇ ಇಲ್ಲ. ಅವರು ನಿಧನರಾದದ್ದು 1949ರ ಸೆಪ್ಟೆಂಬರ್ 8ರಂದು.

ಸಿಂಹಾಸನವನ್ನು ಬಿಟ್ಟುಕೊಟ್ಟ ವರ್ಷವೇ ಮೈಸೂರಿನ ದೊರೆ ಇಂಥ ಗೀತೆಗಳಿಗಾಗಿ ಹಣ ತೆತ್ತು ಕಾದದ್ದು ಕಾಕತಾಳೀಯವಿರಬಹುದು. ಆದರೆ ಮುಗಿಯುವ ಕಾಲವನ್ನು ಸಮಾಧಾನದಿಂದ ಬೀಳ್ಕೊಡುವ ಆ ಸಂಗೀತ 31ರ ಹರೆಯದ ಕೇಳುಗರೊಬ್ಬರ ಪಾಲಿಗೆ ಅದಕ್ಕಿಂತ ಸಕಾಲದಲ್ಲಿ ಬರಲು ಸಾಧ್ಯವಿರಲಿಲ್ಲ. ಆ ಪ್ರಥಮ ಗಾಯನಕ್ಕೆ ಸೇರಿದ ಧ್ವನಿಮುದ್ರಣ ಇಂದಿಗೂ ಲಭ್ಯವಿದೆ. ಗೀರುಗಳ ಸದ್ದು, ಮಸುಕಾದ ವಾದ್ಯಗಳ ದನಿಯ ನಡುವಿನಿಂದ ಫ್ಲಾಗ್‌ಸ್ಟಾಡ್ ಕಂಠ ತೇಲಿಬರುತ್ತದೆ. ಜಗತ್ತಿನ ಸಂಗೀತಪ್ರಿಯರು ಆ ದೋಷಗಳನ್ನು ಮನ್ನಿಸಿ ಅದನ್ನು ಕೇಳುತ್ತಾರೆ.

ಉಳಿದ ನಾದ

1956ರ ನವೆಂಬರ್ 1ರಂದು ಕನ್ನಡ ನಾಡು ಏಕೀಕರಣಗೊಂಡಾಗ ಜಯಚಾಮರಾಜ ಒಡೆಯರ್ ವಿಶಾಲ ಮೈಸೂರು ರಾಜ್ಯದ ಮೊದಲ ರಾಜ್ಯಪಾಲರಾದರು. ಏಕೀಕರಣದಿಂದ ಮೈಸೂರಿನ ಪ್ರಾಬಲ್ಯ ತಗ್ಗುವುದೆಂಬ ಆತಂಕ ಹಳೆಯ ಮೈಸೂರಿನ ಹಲವರಲ್ಲಿದ್ದ ಕಾಲದಲ್ಲಿ ಅವರು ಆ ಹೊಣೆಯನ್ನು ಒಪ್ಪಿಕೊಂಡರು. 1964ರಿಂದ 1966ರವರೆಗೆ ಮದ್ರಾಸಿನ ರಾಜ್ಯಪಾಲರಾಗಿ ಸೇವೆ ಸಲ್ಲಿಸಿದರು. 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್ ಗೌರವ ಅವರಿಗೆ ಸಂದಿತು. 1971ರಲ್ಲಿ ಸಂವಿಧಾನ ತಿದ್ದುಪಡಿಯ ಮೂಲಕ ರಾಜಧನ ರದ್ದಾಯಿತು. ಬಿರುದು, ಸವಲತ್ತುಗಳೂ ಅದರೊಂದಿಗೆ ಹೋದವು.

1974ರ ಸೆಪ್ಟೆಂಬರ್ 23ರಂದು, 55ನೇ ವಯಸ್ಸಿನಲ್ಲಿ ಅವರು ನಿಧನರಾದರು. ಸ್ಟ್ರಾಸ್‌ನ ನಾಲ್ಕು ಗೀತೆಗಳಲ್ಲಿ ಒಂದರ ಹೆಸರೂ ಸೆಪ್ಟೆಂಬರ್.

ಅವರ ಬದುಕಿನ ಪಟ್ಟಿಯಲ್ಲಿ ಕಳೆದುಹೋದವೇ ಹೆಚ್ಚು. ಪಿಯಾನೊ ವೇದಿಕೆ ಹೋಯಿತು, ಸಿಂಹಾಸನ ಹೋಯಿತು, ರಾಜಧನ ಹೋಯಿತು. ಅರಗಿನ ತಟ್ಟೆಗಳ ಯುಗವೂ ಮುಗಿಯಿತು. ಆದರೆ ಮೆಟ್ನರ್‌ನ ಬೆರಳುಗಳ ನಾದ ಹೊಸ ಮಾಧ್ಯಮಗಳಿಗೆ ವರ್ಗಾವಣೆಗೊಂಡು ಇಂದಿಗೂ ಮನೆಮನೆ ತಲುಪುತ್ತಿದೆ. ಸ್ಟ್ರಾಸ್‌ನ ಗೀತೆಗಳು ಪ್ರತಿವರ್ಷ ಜಗತ್ತಿನ ಹತ್ತಾರು ವೇದಿಕೆಗಳಲ್ಲಿ ಹಾಡಲ್ಪಡುತ್ತಿವೆ. ಗಣೇಶ ಚತುರ್ಥಿಯ ಆಸುಪಾಸಿನಲ್ಲಿ ಬೆಂಗಳೂರು, ಮೈಸೂರುಗಳ ಯಾವುದಾದರೂ ಸಂಗೀತ ಸಭೆಯ ಬಳಿ ಹಾದುಹೋದರೆ ಅಠಾಣದ ಆ ಗಣಪತಿಯ ಕೃತಿ ಕಿವಿಗೆ ಬೀಳುವ ಸಂಭವ ಇದ್ದೇ ಇದೆ.

ಕಛೇರಿಗಳ ಚರಿತ್ರೆ ಬರೆಯುವವರು ಹಾಡಿದವರನ್ನೂ ನುಡಿಸಿದವರನ್ನೂ ನೆನೆಯುತ್ತಾರೆ. ಸಭಾಂಗಣದ ಕುರ್ಚಿಗಳಲ್ಲಿ ಕುಳಿತವರ ಹೆಸರು ಅಲ್ಲಿ ಇರುವುದಿಲ್ಲ. 1950ರ ಮೇ 22ರ ಆ ಕಛೇರಿಯ ಚರಿತ್ರೆ ಮಾತ್ರ ಇದಕ್ಕೆ ಅಪವಾದ. ಅಂದು ಸಭಾಂಗಣದಲ್ಲಿ ಇರದಿದ್ದ, ಮೈಸೂರಿನಲ್ಲಿ ತಟ್ಟೆಗಳ ದಾರಿ ಕಾಯುತ್ತಿದ್ದ ಒಬ್ಬ ಕೇಳುಗರ ಹೆಸರನ್ನೂ ಅದು ಹಾಡಿದವರ ಹೆಸರಿನ ಜೊತೆಗೇ ಹೇಳುತ್ತದೆ.